ಪುಟದ ಲೆಕ್ಕಕ್ಕೆ ಸಿಗದ ಕೆಲಸ

ವಾರಕ್ಕೆ ಒಂದೆರಡು ಸಲವಾದರೂ ಹೊಸಬರೊಬ್ಬರು ದೂರವಾಣಿ ಮಾಡುತ್ತಾರೆ, ಮತ್ತು ಅವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಪುಟಕ್ಕ ಎಷ್ಟು ತಗೋತೀರಿ ಮೇಡಂ?” 2012ರಲ್ಲಿ ಪತ್ರಿಕೆಯೊಂದರ ಉಪಸಂಪಾದಕಿಯ ಕೆಲಸವನ್ನು ಬಿಟ್ಟು, ಕಲಬುರಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು, ಬರೆಯುವುದು ಮತ್ತು ಬೇರೆಯವರು ಬರೆದದ್ದನ್ನು ತಿದ್ದುವುದು ಎಂಬ ಎರಡೇ ಕಸುಬುಗಳಿಂದ ಸಂಸಾರ ಸಾಗಿಸತೊಡಗಿದಂದಿನಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬಂದಿದ್ದೇನೆ. ಆಗ ಕರಡು ತಿದ್ದುವುದಕ್ಕೆ ಪುಟಕ್ಕೆ ₹12 ಎನ್ನುತ್ತಿದ್ದೆ. ಈಗ ₹25 ಎನ್ನುತ್ತೇನೆ, ವಾಕ್ಯಗಳನ್ನು ಬಿಡಿಸಿ ಕಟ್ಟಬೇಕಾದ ಸಂಪಾದನೆಯಾದರೆ ₹60ರಿಂದ ₹90ರವರೆಗೆ ಹೇಳುತ್ತೇನೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ, ಕೇಳುವವರು ತಮ್ಮ ಕೈಯಲ್ಲಿರುವ ಹಣವನ್ನು ನೋಡಿಕೊಂಡೇ ಕೇಳುತ್ತಾರೆ. ಆದರೆ ನಾನು ಮಾಡುವ ಕೆಲಸದಲ್ಲಿ ಪುಟದಿಂದ ಅಳೆಯಬಹುದಾದ ಭಾಗ ಬಹಳ ಚಿಕ್ಕದು ಎಂಬುದನ್ನು ಅವರಿಗೆ ಹೇಗೆ ತಿಳಿಸಬೇಕೆಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ.

ಮೊದಲನೆಯದಾಗಿ, ಪುಟವೆಂಬುದೇ ಸ್ಥಿರವಾದ ಅಳತೆಯಲ್ಲ. ಲೇಖಕರು ತರುವ ಪುಟ ಎ4 ಹಾಳೆಯದು, ಅಚ್ಚಾಗುವ ಪುಟ ಡೆಮಿ 1/8 ಎಂಬ, ಅದಕ್ಕಿಂತ ಚಿಕ್ಕದಾದ ಪುಸ್ತಕದ ಆಕಾರದ್ದು. ಒಬ್ಬರ ಅಕ್ಷರದ ಗಾತ್ರ 12, ಇನ್ನೊಬ್ಬರದು 16. ಇಂಗ್ಲಿಷಿನಂತೆ ಪದ ಎಣಿಸೋಣವೆಂದರೆ, ಕನ್ನಡದಲ್ಲಿ ವಿಭಕ್ತಿಯೂ ಅವ್ಯಯವೂ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ನಾಲ್ಕು ಪದಗಳ ಹೊರೆಯನ್ನು ಇಲ್ಲಿ ಒಂದೇ ಪದ ಹೊರುತ್ತದೆ, ಎಣಿಕೆಯಲ್ಲಿ ಮಾತ್ರ ಅದು ಒಂದಾಗಿಯೇ ಉಳಿಯುತ್ತದೆ. ಇದು ಲೆಕ್ಕದ ತೊಡಕು, ಹೇಗೋ ಬಗೆಹರಿಸಿಕೊಳ್ಳಬಹುದು. ನಿಜವಾದ ತೊಡಕು ಯಾವುದೆಂದು ನನಗೆ ತಿಳಿಸಿಕೊಟ್ಟವರು 82 ವರ್ಷದ ಒಬ್ಬ ನಿವೃತ್ತ ಮಾಸ್ತರರು.

2014ರ ಬೇಸಿಗೆಯಲ್ಲಿ ಅವರು ತಮ್ಮ ಆತ್ಮಕಥನದ ಹಸ್ತಪ್ರತಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದರು. ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿ, ಉರ್ದು ಮಾಧ್ಯಮದಲ್ಲಿ ಓದಿ, 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದಾಗ ಹದಿನಾರರ ಹುಡುಗನಾಗಿದ್ದು, ಆ ಮೇಲೆ ಕನ್ನಡವನ್ನು ಬರವಣಿಗೆಯ ಭಾಷೆಯಾಗಿ ಹೊಸದಾಗಿ ಕಲಿತು, ಅದನ್ನೇ ಮಕ್ಕಳಿಗೆ ಕಲಿಸುವ ಕೆಲಸದಲ್ಲಿ ಬದುಕು ಸವೆಸಿದವರು ಅವರು. ನಾನು ಪತ್ರಿಕೆಯ ಮೇಜಿನಲ್ಲಿ ಕಲಿತ ರೀತಿಯಲ್ಲಿಯೇ ಅವರ ಬರಹವನ್ನು ತಿದ್ದಿದೆ. ‘ಅವ್ವಲ್ ತಾಲೂಕದಾರ’ ಎಂದಿದ್ದಲ್ಲಿ ‘ಜಿಲ್ಲಾಧಿಕಾರಿ’ ಎಂದು ಮಾಡಿದೆ, ‘ಮುತ್ಯಾ’ನನ್ನು ‘ತಾತ’ನನ್ನಾಗಿಸಿದೆ, ‘ದಸ್ತಖತ್ತು’ ಇದ್ದಲ್ಲಿ ‘ಸಹಿ’ ಬರೆದೆ, ‘ಫಸಲಿ 1352ರಲ್ಲಿ ನನ್ನ ಹೆಸರು ಶಾಲೆಗೆ ಹಚ್ಚಿದರು’ ಎಂಬ ವಾಕ್ಯವನ್ನು ‘1942ರಲ್ಲಿ ನಾನು ಶಾಲೆಗೆ ಸೇರಿದೆ’ ಎಂದು ನೇರಗೊಳಿಸಿದೆ. ಹತ್ತು ದಿನಗಳಲ್ಲಿ 210 ಪುಟ ಮುಗಿದವು, ಭಾಷೆ ನಯವಾಯಿತು ಎಂಬ ತೃಪ್ತಿಯೂ ಆಯಿತು.

ಮಾಸ್ತರರು ತಿದ್ದಿದ ಪ್ರತಿಯನ್ನು ಓದಿಕೊಂಡು ಮತ್ತೆ ಬಂದರು. ಕೋಪದ ಒಂದು ಮಾತೂ ಆಡಲಿಲ್ಲ. “ತಂಗಿ, ನೀ ತಿದ್ದಿದ ಮ್ಯಾಲ ಓದಿದ್ರ ಇದು ಬ್ಯಾರೆ ಯಾರದೋ ಬಾಲ್ಯ ಆಗ್ಯಾದ. ನಮ್ಮೂರಾಗ ಆವಾಗ ಜಿಲ್ಲಾಧಿಕಾರಿ ಅಂಬವ್ರು ಇದ್ದಿಲ್ಲ, ತಾಲೂಕದಾರ ಇದ್ರು. ನಮ್ಮ ಮುತ್ಯಾಗ ನಾ ಒಂದು ದಿನಾನೂ ತಾತ ಅಂದಿಲ್ಲ,” ಎಂದರು. ಆ ಮೇಲೆ ಚಹಾ ಕುಡಿಯುತ್ತ, 38ನೆಯ ಪುಟದಲ್ಲಿ ತೀರಿಕೊಂಡ ತಮ್ಮ ಸೋದರಮಾವ 61ನೆಯ ಪುಟದ ಮದುವೆಯಲ್ಲಿ ಮುಂದೆ ನಿಂತು ಓಡಾಡುತ್ತಿದ್ದಾರೆಂದೂ, ಅದು ತಮ್ಮ ಮರೆವಿನಿಂದ ಆದ ತಪ್ಪೆಂದೂ, ತಿದ್ದಬೇಕಾದದ್ದು ಅಂಥದ್ದನ್ನು ಎಂದೂ ಬೆರಳಿಟ್ಟು ತೋರಿಸಿದರು.

ಅಂದು ರಾತ್ರಿ ಹಸ್ತಪ್ರತಿಯನ್ನು ಮೊದಲಿನಿಂದ ತೆರೆದೆ. ತಿದ್ದಬೇಕಾಗಿರದ ನೂರಾರು ಪದಗಳನ್ನು ತಿದ್ದಿದ್ದೆ. ಘಟನೆಗಳ ಕಾಲಕ್ರಮ ತಪ್ಪಿದ್ದು, ಒಂದೇ ಊರಿನ ಹೆಸರು ಮೂರು ಬಗೆಯಲ್ಲಿ ಬಂದದ್ದು, ಒಂದು ಪ್ರಸಂಗ ಎರಡು ಅಧ್ಯಾಯಗಳಲ್ಲಿ ಪುನರುಕ್ತವಾದದ್ದು, ಇವು ಯಾವುವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪುಟದ ಲೆಕ್ಕದಲ್ಲಿ ಕೆಲಸ ಮಾಡುವಾಗ ಕಣ್ಣು ಪುಟದೊಳಗೆ ಮಾತ್ರ ಓಡಾಡುತ್ತದೆ, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಇರುವ ನಂಟನ್ನು ನೋಡುವುದಿಲ್ಲ. ಎರಡನೆಯ ಸಲ ಆ ಪುಸ್ತಕಕ್ಕೆ ಒಂದೂವರೆ ತಿಂಗಳು ಹಿಡಿಯಿತು. ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷಗಳನ್ನು ಅವರು ಬರೆದಂತೆಯೇ ಉಳಿಸಿ, ಫಸಲಿಗೆ 590 ಕೂಡಿಸಿದರೆ ಸಾಮಾನ್ಯವಾಗಿ ನಮಗೆ ಪರಿಚಿತವಾದ ಇಸವಿ ದೊರೆಯುತ್ತದೆಂದೂ, ಆ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದುದರಿಂದ ಒಂದು ಫಸಲಿ ವರ್ಷ ಎರಡು ಇಸವಿಗಳಲ್ಲಿ ಹಂಚಿಹೋಗುತ್ತದೆಂದೂ ಆರಂಭದಲ್ಲಿ ಒಂದು ಟಿಪ್ಪಣಿ ಸೇರಿಸಿದೆವು. ನಾನು ಬರೆದಿದ್ದ 1942 ಅರ್ಧ ಮಾತ್ರ ಸರಿ. ಫಸಲಿ 1352 ಎಂದರೆ 1942–43. ಉರ್ದು ಮೂಲದ ಆಡಳಿತ ಪದಗಳಿಗೆ ಕೊನೆಯಲ್ಲಿ ನಾಲ್ಕು ಪುಟಗಳ ಪದಕೋಶ ಬಂತು. ಮಾಸ್ತರರು ಒಂದೊಂದು ಪದಕ್ಕೂ ಅದು ಯಾವ ಕಚೇರಿಯಲ್ಲಿ, ಯಾರ ಬಾಯಲ್ಲಿ ಬರುತ್ತಿತ್ತೆಂದು ಹೇಳುತ್ತ ಹೋದಂತೆ ಆ ನಾಲ್ಕು ಪುಟಗಳಿಗಾಗಿ ಐದು ಮಧ್ಯಾಹ್ನಗಳು ಕಳೆದವು. ನನಗೆ ದೊರೆತ ಸಂಭಾವನೆ ನಾಲ್ಕು ಪುಟಗಳದ್ದು. ಆದರೂ ಈ ಕಸುಬಿನಲ್ಲಿ ನಾನು ಪಡೆದ ಶಿಕ್ಷಣವೆಂದರೆ ಆ ಐದು ಮಧ್ಯಾಹ್ನಗಳೇ.

ನಮ್ಮ ಊರಿನಿಂದ ಸುಮಾರು 40 ಕಿಲೋಮೀಟರ್ ದೂರದ, ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ ಎಂಬುದನ್ನೂ, ಅಮೋಘವರ್ಷ ನೃಪತುಂಗನ ಆ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಕವಿರಾಜಮಾರ್ಗ ರಚನೆಯಾಯಿತು ಎಂಬುದನ್ನೂ ಇಲ್ಲಿನ ವೇದಿಕೆಗಳಲ್ಲಿ ಪ್ರತಿ ನವೆಂಬರಿನಲ್ಲಿಯೂ ಕೇಳುತ್ತೇವೆ. ಆಗೆಲ್ಲ ನೆನೆಯುವುದು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡಿನ ಪದ್ಯವನ್ನು. ತಿದ್ದುವ ಕೆಲಸದವಳಾದ ನನಗೆ ಅದಕ್ಕಿಂತ ಹತ್ತಿರವಾದದ್ದು ಅದೇ ಗ್ರಂಥದ ಇನ್ನೊಂದು ಮಾತು: ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿಶ್ಚಯಿಸಿ ಹೇಳಲು ಹೊರಟರೆ ವಾಸುಕಿಯೂ ಅರಿಯಲಾರದೆ ಬೇಸರಪಟ್ಟಾನು ಎಂಬ ಮಾತು. ‘ಕನ್ನಡ’ವಲ್ಲ, ‘ಕನ್ನಡಗಳು’ ಎಂಬ ಬಹುವಚನ ಅಲ್ಲಿದೆ. ದೋಷ ಎಣಿಸುವುದೇ ಜೀವನೋಪಾಯವಾದವರು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕಾದ ಪದ್ಯ ಅದು. ನನ್ನ ಮೇಜಿನ ಮುಂದೆ ಅದು ಇದೆ.

ಹಾಗೆಂದು ಎಲ್ಲವನ್ನೂ ಇದ್ದಂತೆಯೇ ಬಿಡುವುದು ಸಂಪಾದನೆಯಲ್ಲ. ಆ ಆತ್ಮಕಥನ ಅಚ್ಚಿಗೆ ಸಿದ್ಧವಾಗುತ್ತಿದ್ದಾಗಲೇ, 2014ರ ನವೆಂಬರ್ 1ರಿಂದ ‘ಗುಲಬರ್ಗಾ’ ಅಧಿಕೃತವಾಗಿ ‘ಕಲಬುರಗಿ’ ಆಯಿತು. ಪ್ರಕಾಶಕರು ಫೋನ್ ಮಾಡಿ, ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಎಲ್ಲ ಕಡೆಯೂ ಬದಲಿಸಿಬಿಡಿ ಎಂದರು. ಹಾಗೆ ಮಾಡಿದ್ದರೆ, ಇಂದಿಗೂ ಆ ಹೆಸರಿನಿಂದಲೇ ಇರುವ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಕೆಡುತ್ತಿತ್ತು. ನಿಜಾಮರ ಕಾಲದ ಪ್ರಮಾಣಪತ್ರದ ಮೇಲೆ ಅದರಲ್ಲಿ ಇಲ್ಲದಿದ್ದ ಹೆಸರು ಕೂರುತ್ತಿತ್ತು. ಹಳ್ಳಿಯ ಹೆಣ್ಣುಮಗಳೊಬ್ಬಳು ‘ಕಲಬುರ್ಗಿಗಿ ಹೋಗ್ತೀನಿ’ ಎಂದು ಆಡಿದ ಮಾತಿನ ಸದ್ದೂ ಸರ್ಕಾರಿ ಕಾಗದದ ಸದ್ದಾಗುತ್ತಿತ್ತು. ಆ ಹೆಸರು ಬಂದ 170 ಕಡೆಗಳನ್ನು ಒಂದೊಂದಾಗಿ ನೋಡಿದೆ. ನಿರೂಪಣೆಯಲ್ಲಿ ಕಲಬುರಗಿ, ದಾಖಲೆಯಲ್ಲಿ ದಾಖಲೆಯಲ್ಲಿದ್ದಂತೆ, ಮಾತಿನಲ್ಲಿ ಬಾಯಿಗೆ ಬಂದಂತೆ ಎಂಬ ನಿಯಮ ಮಾಡಿಕೊಂಡು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಂಥ ನಿಯಮಗಳ ಆ ಪುಸ್ತಕ ಈಗ ಮೂರನೆಯ ಸಂಪುಟಕ್ಕೆ ಬಂದಿದೆ, ಒಂದೊಂದು ಕೃತಿಗೂ ಅದರಲ್ಲಿ ಬೇರೆ ಬೇರೆ ಪುಟಗಳಿವೆ.

ಕಾಲವೂ ಪುಟದ ಲೆಕ್ಕವನ್ನು ಕೇಳುವುದಿಲ್ಲ ಎಂಬುದು 2020ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಫೆಬ್ರುವರಿ 5ರಿಂದ 7ರವರೆಗೆ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಊರಿನಲ್ಲಿ ನಡೆಯಿತು. ತಮ್ಮ ಊರಿನ ಸಮ್ಮೇಳನದ ಮಳಿಗೆಯಲ್ಲಿ ತಮ್ಮದೊಂದು ಪುಸ್ತಕ ಇರಬೇಕೆಂಬ ಆಸೆ ಈ ಭಾಗದ ಎಷ್ಟೋ ಲೇಖಕರಿಗೆ ಸಹಜವಾಗಿಯೇ ಇತ್ತು. ಜನವರಿಯಲ್ಲಿ ನನ್ನ ಮೇಜಿನ ಮೇಲೆ ಒಂದೇ ಸಲಕ್ಕೆ ಐದು ಹಸ್ತಪ್ರತಿಗಳಿದ್ದವು. ಎರಡನ್ನು ಕೈಮುಗಿದು ಹಿಂದಿರುಗಿಸಿದೆ. ಉಳಿದ ಮೂರನ್ನು ಬೆಳಗಿನ ನಾಲ್ಕೂವರೆಗೆ ಎದ್ದು ತಿದ್ದಿ, ಬೀದರಿನ ಲೇಖಕರಿಗೆ ಕರಡನ್ನು ಬಸ್ಸಿನಲ್ಲಿ ಕಳಿಸಿ, ಮುದ್ರಣಾಲಯದಲ್ಲಿ ಡಿ.ಟಿ.ಪಿ. ಮಾಡುವ ಹುಡುಗನ ಪಕ್ಕದಲ್ಲಿ ಕುಳಿತು ಕೊನೆಯ ತಿದ್ದುಪಡಿಗಳನ್ನು ಹಾಕಿಸಿದೆ. ಮಾರ್ಚಿನಲ್ಲಿ, ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ಇದೇ ಕಲಬುರಗಿಯಲ್ಲಿ. ದೇಶಕ್ಕೆಲ್ಲ ಲಾಕ್‌ಡೌನ್ ಬರುವ ಮೊದಲೇ ನಮ್ಮ ಬೀದಿಗಳು ಬರಿದಾದವು, ಮುದ್ರಣಾಲಯಗಳು ಮುಚ್ಚಿದವು, ಮೂರು ತಿಂಗಳು ಒಂದು ಹಸ್ತಪ್ರತಿಯೂ ಬರಲಿಲ್ಲ.

ಬಂದದ್ದು ಒಂದು ಕರಪತ್ರ ಮಾತ್ರ. ಹಳ್ಳಿಗಳಲ್ಲಿ ಹಂಚಲು ಒಂದು ಪುಟ, ಇಂಗ್ಲಿಷಿನಿಂದ ಕನ್ನಡಕ್ಕೆ, ನಾಳೆ ಬೆಳಿಗ್ಗೆ ಬೇಕು ಎಂದರು. ಅದರ ಎರಡನೆಯ ಸಾಲು ಜನರ ನಡುವೆ ಆರು ಅಡಿ ದೂರವಿರಬೇಕೆಂಬುದು, ಮತ್ತು ಅದಕ್ಕೆ ‘ಸಾಮಾಜಿಕ ಅಂತರ’ ಎಂಬ ಪದ ಆಗಲೇ ಎಲ್ಲೆಡೆ ಬಳಕೆಗೆ ಬಂದಿತ್ತು. ಯಾರು ಯಾರಿಂದ ದೂರ ನಿಲ್ಲಬೇಕೆಂಬುದನ್ನು ಜಾತಿಯೇ ನಿರ್ಧರಿಸಿದ ಓಣಿಗಳಿಗೆ ಆ ಕರಪತ್ರ ಹೋಗಬೇಕಾಗಿತ್ತು. ಅಂಥ ಕಡೆ ‘ಸಾಮಾಜಿಕ ಅಂತರ ಕಾಪಾಡಿ’ ಎಂದು ಅಚ್ಚು ಹಾಕಿ ಕೊಡಲು ನನ್ನ ಕೈ ಬರಲಿಲ್ಲ. ಅಡಿಯ ಲೆಕ್ಕವೂ ಅಲ್ಲಿನ ಮುದುಕಿಯರಿಗೆ ಕಣ್ಣಳತೆಗೆ ಸಿಗುವಂಥದ್ದಲ್ಲ. ಹೂವನ್ನೂ ಹಗ್ಗವನ್ನೂ ಮೊಳದಲ್ಲಿ ಅಳೆಯುತ್ತಾರೆ, ಮೊಳವೆಂದರೆ ಒಂದೂವರೆ ಅಡಿ. ಕೊನೆಗೆ ‘ಯಾರೇ ಇರಲಿ, ಒಬ್ಬರಿಂದೊಬ್ಬರು ನಾಲ್ಕು ಮೊಳ ದೂರ ನಿಲ್ಲಿರಿ’ ಎಂದು ಬರೆದೆ. ‘ಯಾರೇ ಇರಲಿ’ ಎಂಬ ಎರಡು ಪದಗಳು ಮೂಲದಲ್ಲಿ ಇರಲಿಲ್ಲ. ಅವು ಏಕೆ ಬೇಕೆಂದು ಕಳಿಸಿದವರಿಗೆ ವಿವರಿಸಿ ಒಪ್ಪಿಸಲು ಅರ್ಧ ದಿನ ಹಿಡಿಯಿತು. ಒಂದು ಪುಟದ ಕೆಲಸಕ್ಕೆ ಎರಡು ದಿನ. ಆ ತಿಂಗಳ ಗಳಿಕೆ ಅಷ್ಟೇ ಆಗಿತ್ತು, ಆದರೆ ಈ ಎಲ್ಲ ವರ್ಷಗಳಲ್ಲಿ ನಾನು ಬರೆದ ಸಾಲುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ ಇರಬೇಕೆಂದು ಇಂದಿಗೂ ಅನಿಸುತ್ತದೆ.

ಯಂತ್ರದ ಕಡೆಯ ಕೆಲಸವನ್ನೂ ಹೇಳಬೇಕು, ಏಕೆಂದರೆ ಕನ್ನಡದ ಸಂಪಾದಕರ ದಿನದ ಗಣನೀಯ ಭಾಗ ಅದಕ್ಕೆ ಹೋಗುತ್ತದೆ ಮತ್ತು ಅದಕ್ಕೆ ಯಾರೂ ಹಣ ಕೊಡುವುದಿಲ್ಲ. ಈ ಭಾಗದ ಮುದ್ರಣಾಲಯಗಳಲ್ಲಿ ‘ನುಡಿ’ ಮತ್ತು ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಕಡತಗಳು ಇನ್ನೂ ಓಡಾಡುತ್ತವೆ. ಆ ಬಗೆಯ ಕಡತದಲ್ಲಿ ಕನ್ನಡದ ರೂಪಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ, ಆದ್ದರಿಂದ ಅದನ್ನು ಈಗ ಎಲ್ಲೆಡೆ ಬಳಸುವ ಅಕ್ಷರಸಂಕೇತವಾದ ಯೂನಿಕೋಡಿಗೆ ತರುವಾಗ ಪರಿವರ್ತಕ ತಂತ್ರಾಂಶವು ಒಂದೊಂದನ್ನೂ ಸ್ಥಾನಾಂತರ ಮಾಡಬೇಕಾಗುತ್ತದೆ. ಹೆಚ್ಚು ಪೆಟ್ಟು ತಿನ್ನುವುದು ಅರ್ಕಾವೊತ್ತು: ಕಣ್ಣಿಗೆ ಅದು ವ್ಯಂಜನದ ನಂತರ ಕಾಣುತ್ತದೆ, ಹಳೆಯ ಕಡತದಲ್ಲಿಯೂ ನಂತರವೇ ಇರುತ್ತದೆ, ಯೂನಿಕೋಡಿನಲ್ಲಿ ಮಾತ್ರ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಎಡವಿದಲ್ಲಿ ‘ಧರ್ಮ’ವೂ ‘ವರ್ಷ’ವೂ ಮುರಿದು ಬೀಳುತ್ತವೆ. ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗುತ್ತವೆ. ಇನ್ನೊಂದು ತಪ್ಪು ಕಣ್ಣಿಗೇ ಕಾಣುವುದಿಲ್ಲ: ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿರುತ್ತಾರೆ. ಅಚ್ಚಿನಲ್ಲಿ ಎರಡೂ ಒಂದೇ ಬಗೆಯ ದುಂಡು ಗುರುತು, ಆದರೆ ಇ-ಪುಸ್ತಕ ಮಾಡಿ ‘ಬಸವಲಿಂಗ’ ಎಂದು ಹುಡುಕಿದರೆ ಆ ಹೆಸರು ಸಿಗುವುದೇ ಇಲ್ಲ. ಹೊಸ ಕಡತ ಕೈಗೆ ಬಂದರೆ ನಾನು ಮೊದಲು ಮಾಡುವ ಕೆಲಸ ಈ ಸೊನ್ನೆಗಳನ್ನು ಹುಡುಕಿ ತೆಗೆಯುವುದು.

ಅಚ್ಚಿನ ಮನೆಯ ಲೆಕ್ಕ ಬೇರೆ. ಅಲ್ಲಿ ಪುಟವಲ್ಲ, ಹದಿನಾರು ಪುಟಗಳ ಫಾರ್ಮು ಅಳತೆ. ಪುಸ್ತಕ 163 ಪುಟಕ್ಕೆ ನಿಂತರೆ ಮುದ್ರಕರು 160ಕ್ಕೆ ಇಳಿಸಿಕೊಡಿ ಎನ್ನುತ್ತಾರೆ. ಲೇಖಕರ ಒಂದು ವಿಚಾರವನ್ನೂ ಕಳೆಯದೆ, ಪ್ಯಾರಾದ ಕೊನೆಯ ಸಾಲಿನಲ್ಲಿ ಒಂಟಿಯಾಗಿ ಉಳಿದ ಪದಗಳನ್ನು ಮೇಲಿನ ಸಾಲಿಗೆ ಎಳೆದುಕೊಂಡು, ಅನಗತ್ಯ ಕ್ರಿಯಾಪದಗಳನ್ನು ಬಿಗಿಗೊಳಿಸಿ ಮೂರು ಪುಟ ಉಳಿಸುವುದು ನನಗೆ ಬಹಳ ಇಷ್ಟವಾದ ಕೆಲಸ.

ಹಣದ ವಿಷಯದಲ್ಲಿ ನಾನು ಕಲಿತದ್ದು ನಷ್ಟದಿಂದ. ಒಂದು ಸಂಸ್ಥೆಯ ಅಭಿನಂದನ ಗ್ರಂಥವನ್ನು ಬಾಯಿಮಾತಿನ ಒಪ್ಪಂದದ ಮೇಲೆ ಸಂಪಾದಿಸಿಕೊಟ್ಟೆ. ಬಿಡುಗಡೆಯ ವೇದಿಕೆಯಲ್ಲಿ ಶಾಲು ಹೊದಿಸಿದರು, ಸಂಭಾವನೆ ಹದಿನಾಲ್ಕು ತಿಂಗಳ ನಂತರ ಎರಡು ಕಂತುಗಳಲ್ಲಿ ಬಂತು. ಶಾಲು ಗೌರವಕ್ಕೆ ಸರಿ, ಆದರೆ ಆ ಹದಿನಾಲ್ಕು ತಿಂಗಳೂ ಮಗಳ ಶಾಲೆಯ ಶುಲ್ಕ ತುಂಬಬೇಕಾಗಿತ್ತು. ಈಗ ಆರಂಭದಲ್ಲಿ ಮೂರನೆಯ ಒಂದು ಭಾಗ, ಮೊದಲ ಸುತ್ತು ಮುಗಿದಾಗ ಇನ್ನೊಂದು ಭಾಗ, ಅಚ್ಚಿಗೆ ಹೋಗುವ ಕಡತ ಕೊಡುವ ಮುನ್ನ ಉಳಿದದ್ದು ಎಂಬುದನ್ನು ಬರೆದುಕೊಳ್ಳದೆ ಕೆಲಸ ಹಿಡಿಯುವುದಿಲ್ಲ. ವಾಟ್ಸಾಪಿನಲ್ಲಿ ಬಂದ ‘ಒಪ್ಪಿಗೆ’ ಎಂಬ ಒಂದು ಪದವನ್ನೂ ಕಾಪಾಡಿಕೊಳ್ಳುತ್ತೇನೆ. ಸಂಸ್ಥೆಗಳು ವೃತ್ತಿ ಶುಲ್ಕದಿಂದ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಮುರಿದುಕೊಂಡಾಗ ಹೊಸಬರು ಅದು ಹೋದ ಹಣವೆಂದು ಸುಮ್ಮನಾಗುತ್ತಾರೆ. ಅದು ನಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಜಮೆಯಾಗಿರುತ್ತದೆ. ವರ್ಷದ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ನಾನು ಮೊದಲ ಮೂರು ವರ್ಷ ಸಲ್ಲಿಸಿರಲಿಲ್ಲ.

ಬರೆಯುವವರ ಹಕ್ಕುಗಳ ಬಗ್ಗೆಯೂ ಇಲ್ಲಿ ತಿಳಿವಳಿಕೆ ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರಬೇಕು, ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳದ್ದೆಂದು ಭಾವಿಸಲಾಗುತ್ತದೆ. ಲೇಖಕರು ತೀರಿಕೊಂಡ ನಂತರವೂ ಅರವತ್ತು ವರ್ಷ ಹಕ್ಕು ಅವರ ವಾರಸುದಾರರದ್ದು. ಸಂಸ್ಮರಣ ಗ್ರಂಥಕ್ಕೆ ಹಳೆಯ ಲೇಖನವೊಂದನ್ನು ಸೇರಿಸುವಾಗ ಆ ಮನೆಯವರನ್ನು ಹುಡುಕಿಕೊಂಡು ಹೋಗಿ ಅನುಮತಿ ಕೇಳುವುದೂ ಸಂಪಾದಕರದೇ ಕೆಲಸ. ಎಷ್ಟೋ ಮನೆಗಳಲ್ಲಿ ತಮ್ಮ ತಂದೆಯ ಬರಹಕ್ಕೆ ಯಾರಾದರೂ ಅನುಮತಿ ಕೇಳಿದ್ದು ಅದೇ ಮೊದಲ ಸಲವಾಗಿರುತ್ತದೆ, ಚಹಾ ನಾಷ್ಟಾ ಮುಗಿಸದೆ ಅಲ್ಲಿಂದ ಏಳಲು ಬಿಡುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಎಷ್ಟು ಹಣ ಕೊಟ್ಟರೂ ಒಪ್ಪುವುದಿಲ್ಲ. ಸಂಶೋಧನ ಪ್ರಬಂಧದ ಭಾಷೆಯನ್ನು ತಿದ್ದಿಕೊಡುತ್ತೇನೆ, ಪ್ರಬಂಧವನ್ನು ಬರೆದುಕೊಡುವುದಿಲ್ಲ. ಪುಟಕ್ಕೆ ನಾಲ್ಕು ಪಟ್ಟು ಕೊಡುತ್ತೇವೆ ಎಂದು ಕೇಳಿದವರಿದ್ದಾರೆ, ಅದೂ ಕೈಯಲ್ಲಿ ಬೇರೆ ಕೆಲಸವೇ ಇಲ್ಲದ ಏಪ್ರಿಲ್ ತಿಂಗಳಲ್ಲಿ.

ಏಪ್ರಿಲ್ ಮತ್ತು ಮೇ ಇಲ್ಲಿ ಕಠಿಣವಾದ ತಿಂಗಳುಗಳು. ಸರ್ಕಾರಿ ಕಚೇರಿಗಳೇ ಬೆಳಗಿನ 8ರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ನಾನೂ ಬೆಳಕು ಹರಿಯುವ ಮುನ್ನ ಕುಳಿತು ಹನ್ನೊಂದಕ್ಕೆ ಏಳುತ್ತೇನೆ. ಆ ಮೇಲೆ ಬಿಸಿಲು ಗೋಡೆಗಿಳಿದು ಕಣ್ಣು ಮಂಜಾಗುತ್ತದೆ, ಆಗ ತಿದ್ದಿದ್ದನ್ನು ಮರುದಿನ ಮತ್ತೆ ತಿದ್ದಬೇಕಾಗುತ್ತದೆ.

ಪುಟಕ್ಕೆ ಎಷ್ಟು ಎಂದು ಕೇಳುವವರಿಗೆ ಈಗ ಕೂಡಲೇ ದರ ಹೇಳುವುದಿಲ್ಲ, ಮೊದಲು ಹಸ್ತಪ್ರತಿಯ ನಡುವಿನ ಹತ್ತು ಪುಟ ಕಳಿಸಿರೆಂದು ಕೇಳುತ್ತೇನೆ. ಮೊದಲ ಪುಟಗಳನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ. ಬರೆಯುವವರ ನಿಜವಾದ ಕೈ ಕಾಣುವುದು ನಡುವಿನಲ್ಲಿ. ಕಳೆದ ಬುಧವಾರ ಬೀದರ್ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ತಾವು ಸಂಗ್ರಹಿಸಿದ ಬೀಸುವ ಪದಗಳ ಹತ್ತು ಪುಟ ಕಳಿಸಿದರು. ತಪ್ಪಿಲ್ಲದ, ಅಚ್ಚುಕಟ್ಟಾದ ಬರಹ. ಆದರೆ ಒಂದು ಹಾಡಿನಲ್ಲಿ ಜೋಳ ‘ನೆಲಮಾಳಿಗೆ’ಯಲ್ಲಿತ್ತು, ಮತ್ತು ಆ ಸಾಲು ಬಾಯಲ್ಲಿ ಹೇಳಿಕೊಂಡಾಗ ಬೀಸುಕಲ್ಲು ಸುತ್ತುವ ಲಯಕ್ಕೆ ಕೂಡುತ್ತಿರಲಿಲ್ಲ, ಒಂದು ಹೆಜ್ಜೆ ಉದ್ದವಾಗುತ್ತಿತ್ತು. ಫೋನ್ ಮಾಡಿ, “ಅಕ್ಕಾ, ಹಾಡಿದವರು ಇಲ್ಲಿ ಏನಂದಿದ್ದರು?” ಎಂದು ಕೇಳಿದೆ.

“ಹಗೇವು ಅಂದಿದ್ರು ಮೇಡಂ. ಓದೋರಿಗೆ ತಿಳೀಲಿ ಅಂತ ನಾನೇ ಬದಲಿ ಮಾಡೀನಿ,” ಎಂದರು. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದ ನೆಲದೊಳಗಿನ ಆ ಕಣಜಕ್ಕೆ ನಮ್ಮಲ್ಲಿ ಇರುವ ಹೆಸರು ಅದೊಂದೇ. ಇನ್ನೆಲ್ಲಿ ಹೀಗೆ ಬದಲಿಸಿದ್ದೀರಿ ಎಂದು ಕೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಕಡೆ ಎಂದರು. ಹಾಡಿದ ಮುದುಕಿಯರ ದನಿ ಮಾತ್ರ ಎಲ್ಲವೂ ಮೊಬೈಲಿನಲ್ಲಿದೆ ಎಂದೂ ಹೇಳಿದರು. ಪುಟಕ್ಕೆ ಎಷ್ಟಾಗುತ್ತದೆಂಬ ಅವರ ಪ್ರಶ್ನೆಗೆ ನಾನಿನ್ನೂ ಉತ್ತರಿಸಿಲ್ಲ, ದನಿ ಒಟ್ಟು ಎಷ್ಟು ಗಂಟೆ ಇದೆ ಎಂದು ಕೇಳಿದ್ದೇನೆ. ಭಾನುವಾರ ರಜೆ ಇದೆ, ಎಲ್ಲವನ್ನೂ ಎಣಿಸಿ ಹೇಳುತ್ತೇನೆ ಎಂದಿದ್ದಾರೆ.